ಡೀಸೆಲ್ ರೇಟ್ ಏರಿದೆ: ಪೆಟ್ರೋಲ್ ಕಾರಿಗೆ ಹೋಗೋದು ವಾಸಿನಾ, ಡೀಸೆಲ್‌ನಲ್ಲೇ ಇರೋದಾ?

ಬೆಣ್ಣೆದೋಸೆ_ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನನ್ನದು ಬೀಜ, ಗೊಬ್ಬರದ ಮಾರ್ಕೆಟಿಂಗ್ ಕೆಲಸ. ದಾವಣಗೆರೆಯಿಂದ ಹಾವೇರಿ, ಚಿತ್ರದುರ್ಗ, ಶಿವಮೊಗ್ಗ ಕಡೆ ಓಡಾಟ. ತಿಂಗಳಿಗೆ ಎರಡೂವರೆ ಸಾವಿರ ಕಿಲೋಮೀಟರ್ ಆಗುತ್ತದೆ. ಈಗಿರುವುದು ಹಳೆಯ ಸ್ವಿಫ್ಟ್ ಡೀಸೆಲ್, 1.3 ಇಂಜಿನ್. ಗಾಡಿ ಬಗ್ಗೆ ದೂರಿಲ್ಲ. ಆದರೆ ವಯಸ್ಸಾಯಿತು. ನಾಲ್ಕು ಇಂಜೆಕ್ಟರ್‌ಗೆ ಕೊಟ್ಟ ಎಸ್ಟಿಮೇಟ್ ನೋಡಿದ ಮೇಲೆ ಕೊಟ್ಟುಬಿಡೋಣ ಅನ್ನಿಸಿದೆ.

2024ರ ಜೂನ್‌ನಲ್ಲಿ ಪೆಟ್ರೋಲ್, ಡೀಸೆಲ್ ಎರಡಕ್ಕೂ ಲೀಟರಿಗೆ 3 ರೂಪಾಯಿ ಏರಿತು. 2025ರ ಏಪ್ರಿಲ್ 1ರಿಂದ ಡೀಸೆಲ್‌ಗೆ ಮಾತ್ರ ಇನ್ನೊಂದು 2 ರೂಪಾಯಿ. ರಾಜ್ಯದ ಮಾರಾಟ ತೆರಿಗೆ 18.44 ಇದ್ದದ್ದು 21.17 ಪರ್ಸೆಂಟ್ ಆಯಿತು. ಆ ಏರಿಕೆ ಆದ ಮೇಲೆ ಬೆಂಗಳೂರು ರೇಟ್ ಲೆಕ್ಕಕ್ಕೆ ಡೀಸೆಲ್ 91, ಪೆಟ್ರೋಲ್ 103 ಹತ್ತಿರ ಬಂತು. ಆಫೀಸಿನಲ್ಲಿ ಎಲ್ಲರದ್ದೂ ಒಂದೇ ಮಾತು, ಡೀಸೆಲ್ ಕಾಲ ಮುಗೀತು, ಕಣ್ಣುಮುಚ್ಚಿ ಪೆಟ್ರೋಲ್ ತಗೋ ಅಂತ.

ಹೊಸ ಪೆಟ್ರೋಲ್, ಹೊಸ ಡೀಸೆಲ್, ಇಲ್ಲ ಒಂದು ಒಳ್ಳೆಯ ಸೆಕೆಂಡ್ ಹ್ಯಾಂಡ್ ಡೀಸೆಲ್. ಮೂರರಲ್ಲಿ ಯಾವುದು? ನಾಲ್ಕು ಮೀಟರ್ ಒಳಗಿನ ಎಸ್‌ಯುವಿ ಆದರೆ ಸಾಕು.

ಸಿಲ್ಕ್‌ಬೋರ್ಡ್_ಸಂತ್ರಸ್ತ

ಪೆಟ್ರೋಲ್. ಯೋಚನೆನೇ ಬೇಡ. ಮಾರುತಿ 2020ರಲ್ಲೇ ಡೀಸೆಲ್ ನಿಲ್ಲಿಸಿತು. ಹೋಂಡಾ ಕೂಡ ನಿಲ್ಲಿಸಿತು. ಇಷ್ಟು ದೊಡ್ಡ ಕಂಪನಿಗಳೇ ಬಿಟ್ಟ ಮೇಲೆ ನೀವ್ಯಾಕೆ ಹಿಡಿದುಕೊಂಡು ಕೂರುತ್ತೀರಿ? ನಾನು ಡೀಸೆಲ್ ಮಾರಿ ಟರ್ಬೊ ಪೆಟ್ರೋಲ್ ತಗೊಂಡೆ. ಸದ್ದಿಲ್ಲ, ನಡುಕ ಇಲ್ಲ, ಆರಾಮ.

ಬೆಣ್ಣೆದೋಸೆ_ದಾವಣಗೆರೆ

ಸರ್, ನಿಮ್ಮದು ತಿಂಗಳಿಗೆ ಎಷ್ಟು ಕಿಲೋಮೀಟರ್?

ಸಿಲ್ಕ್‌ಬೋರ್ಡ್_ಸಂತ್ರಸ್ತ

ಆರುನೂರು ಇರಬಹುದು. ಅದರಲ್ಲಿ ಅರ್ಧ ನಿಂತೇ ಇರುತ್ತೇನೆ, ಅದು ಬೇರೆ ಮಾತು 😀

ಲೆಕ್ಕ_ಪಕ್ಕಾ (ಮೈಸೂರು)

ಇಲ್ಲೇ ಉತ್ತರ ಇದೆ ನೋಡಿ. ಆರುನೂರು ಓಡಿಸುವವರ ಸಲಹೆಯನ್ನು ಎರಡೂವರೆ ಸಾವಿರ ಓಡಿಸುವವರು ಕೇಳುತ್ತಿದ್ದಾರೆ.

ರೇಟ್ ಏರಿತು ಅಂದ ತಕ್ಷಣ ಎಲ್ಲರೂ ಬಂಕ್ ಬೋರ್ಡ್ ನೋಡುತ್ತಾರೆ. ನೋಡಬೇಕಾದದ್ದು ಅದಲ್ಲ. ಒಂದು ಕಿಲೋಮೀಟರ್‌ಗೆ ಎರಡು ಗಾಡಿಗಳ ನಡುವೆ ಎಷ್ಟು ವ್ಯತ್ಯಾಸ, ಅಷ್ಟೇ. ಪೆಟ್ರೋಲ್ ಗಾಡಿ ಲೀಟರಿಗೆ 16, ಡೀಸೆಲ್ ಗಾಡಿ 20 ಕೊಡುತ್ತದೆ ಅಂತ ಇಟ್ಟುಕೊಳ್ಳೋಣ. ನೀವು ಹೇಳಿದ ರೇಟಿಗೆ ಪೆಟ್ರೋಲ್ ಕಿಲೋಮೀಟರ್‌ಗೆ 6.44 ರೂ., ಡೀಸೆಲ್ 4.55 ರೂ. ವ್ಯತ್ಯಾಸ 1.89.

ಈಗ 2021ರ ದೀಪಾವಳಿ ಮುಂಚಿನ ದಿನಗಳನ್ನು ನೆನಪಿಸಿಕೊಳ್ಳಿ. ಬೆಂಗಳೂರಿನಲ್ಲಿ ಪೆಟ್ರೋಲ್ 113 ದಾಟಿತ್ತು, ಡೀಸೆಲ್ 104 ದಾಟಿತ್ತು. ಜನ ಬಂಕಿನಲ್ಲಿ ಜಗಳಕ್ಕೆ ನಿಂತಿದ್ದ ಕಾಲ. ಅದೇ ಮೈಲೇಜ್ ಹಾಕಿ ನೋಡಿ: 7.06 ಮತ್ತು 5.20. ವ್ಯತ್ಯಾಸ 1.86. ಅಂದರೆ ಲೀಟರಿಗೆ ಹತ್ತು, ಹದಿಮೂರು ರೂಪಾಯಿ ಜಾಸ್ತಿ ಇದ್ದಾಗಲೂ ಡೀಸೆಲ್ ಗಾಡಿಯ ಲಾಭ ಈಗಿನಷ್ಟೇ ಇತ್ತು. ರೇಟ್ ಏರಿದಾಗ ಇಬ್ಬರಿಗೂ ಹೊಡೆತ ಬೀಳುತ್ತದೆ. ಯಾವ ಗಾಡಿ ತಗೋಬೇಕು ಅನ್ನುವ ಲೆಕ್ಕ ಜಾಗ ಬಿಟ್ಟು ಅಲ್ಲಾಡುವುದಿಲ್ಲ.

ಇನ್ನೂ ಹಿಂದಕ್ಕೆ ಹೋಗಿ. 2012ರ ಮೇ ತಿಂಗಳು, ದೆಹಲಿ ರೇಟ್: ಪೆಟ್ರೋಲ್ 73.18, ಡೀಸೆಲ್ 40.91. ಎರಡೂ ಈಗಿನದಕ್ಕಿಂತ ಎಷ್ಟೋ ಅಗ್ಗ. ಆದರೆ ಕಿಲೋಮೀಟರ್‌ಗೆ ವ್ಯತ್ಯಾಸ 2.53! ಪೆಟ್ರೋಲ್ ಬೆಲೆಯ ಹಿಡಿತವನ್ನು ಕೇಂದ್ರ 2010ರ ಜೂನ್‌ನಲ್ಲೇ ಬಿಟ್ಟಿತ್ತು, ಡೀಸೆಲ್‌ದು ಬಿಟ್ಟಿರಲಿಲ್ಲ. ಅದಕ್ಕೇ ಆಗ ಊರಿಗೆ ಊರೇ ಡೀಸೆಲ್ ಕಾರು ತಗೊಂಡಿತು. 2013ರ ಜನವರಿಯಿಂದ ತಿಂಗಳಿಗೆ ಐವತ್ತು ಪೈಸೆಯಂತೆ ಡೀಸೆಲ್ ಏರಿಸುತ್ತಾ ಬಂದರು, 2014ರ ಅಕ್ಟೋಬರ್‌ನಲ್ಲಿ ಅದನ್ನೂ ಬಿಟ್ಟರು. ಮೂವತ್ತೆರಡು ರೂಪಾಯಿ ಇದ್ದ ಅಂತರ ಈಗ ಹನ್ನೆರಡು.

ಹಾಗಾಗಿ ಏಪ್ರಿಲ್‌ನ 2 ರೂಪಾಯಿ ಏರಿಕೆ ಕಾರಿನವರಿಗೆ ಏನು? 20 ಮೈಲೇಜ್‌ಗೆ ಕಿಲೋಮೀಟರ್‌ಗೆ ಹತ್ತು ಪೈಸೆ. ನಿಮ್ಮ ಓಡಾಟಕ್ಕೆ ತಿಂಗಳಿಗೆ 250 ರೂಪಾಯಿ. ಅಷ್ಟಕ್ಕೆ ಗಾಡಿಯ ಜಾತಿಯನ್ನೇ ಬದಲಾಯಿಸಬೇಕಾಗಿಲ್ಲ.

ಸಿಲ್ಕ್‌ಬೋರ್ಡ್_ಸಂತ್ರಸ್ತ

ಸರ್, ಆದರೆ ಡೀಸೆಲ್ ಗಾಡಿ ತಗೊಳ್ಳುವಾಗಲೇ ಜಾಸ್ತಿ ಕೊಡಬೇಕಲ್ಲ? ಅದನ್ನು ಲೆಕ್ಕಕ್ಕೆ ಹಿಡಿಯಿರಿ.

ಲೆಕ್ಕ_ಪಕ್ಕಾ (ಮೈಸೂರು)

ಸರ್ ಅಲ್ಲ, ಮೇಡಂ. ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುತ್ತೇನೆ, ಅಭ್ಯಾಸ ಆಗಿದೆ ಬಿಡಿ.

ಖಂಡಿತ ಹಿಡಿಯೋಣ. ನಮ್ಮ ರಾಜ್ಯದಲ್ಲಿ ಒಂದು ಗೆರೆ ಇದೆ, ಶೋರೂಮಿನವರು ಅದನ್ನು ಜೋರಾಗಿ ಹೇಳುವುದಿಲ್ಲ. 5ರಿಂದ 10 ಲಕ್ಷದ ಕಾರಿಗೆ ಲೈಫ್ ಟ್ಯಾಕ್ಸ್ 14 ಪರ್ಸೆಂಟ್. 10 ಲಕ್ಷ ದಾಟಿದರೆ 17. ಉದಾಹರಣೆಗೆ ಪೆಟ್ರೋಲ್ ಗಾಡಿ 9.7 ಲಕ್ಷ ಅಂದುಕೊಳ್ಳಿ, ಟ್ಯಾಕ್ಸ್ 1.36 ಲಕ್ಷ. ಅದೇ ಗಾಡಿಯ ಡೀಸೆಲ್ 11 ಲಕ್ಷ, ಟ್ಯಾಕ್ಸ್ 1.87 ಲಕ್ಷ. ಬೋರ್ಡಿನ ಮೇಲೆ ವ್ಯತ್ಯಾಸ 1.3 ಲಕ್ಷ ಅಂತ ಕಾಣುತ್ತದೆ, ಕೈಯಿಂದ ಹೋಗುವುದು 1.81 ಲಕ್ಷ. ಸೆಸ್, ಇನ್ಶೂರೆನ್ಸ್ ಬೇರೆ.

1.81 ಲಕ್ಷವನ್ನು 1.89ರಿಂದ ಭಾಗಿಸಿ. ಸುಮಾರು 96 ಸಾವಿರ ಕಿಲೋಮೀಟರ್. ದಾವಣಗೆರೆಯವರಿಗೆ ಮೂರು ವರ್ಷ ಚಿಲ್ಲರೆಯಲ್ಲಿ ದುಡ್ಡು ವಾಪಸ್. ನಿಮಗೆ ಹದಿಮೂರು ವರ್ಷ. ನೀವು ಪೆಟ್ರೋಲ್ ತಗೊಂಡದ್ದು ಸರಿ, ಅವರಿಗೆ ಹೇಳಿದ್ದು ಸರಿಯಿಲ್ಲ.

ಗ್ಯಾರೇಜ್_ಹುಬ್ಬಳ್ಳಿ

ಮೇಡಂ ಲೆಕ್ಕ ಛಲೋ ಐತಿ. ಆದರೆ ಕಾಗದದ ಮೇಲೆ ಗಾಡಿ ಕೆಡುವುದಿಲ್ಲ ನೋಡ್ರಿ, ನನ್ನ ಶೆಡ್ಡಿಗೆ ಬಂದು ಕೆಡುತ್ತದೆ.

2020ರ ಏಪ್ರಿಲ್‌ನಿಂದ ಬಂದ ಬಿಎಸ್6 (ಹೊಗೆ ಮಿತಿಯ ಹೊಸ ನಿಯಮ) ಡೀಸೆಲ್ ಹಳೆಯ ಸ್ವಿಫ್ಟ್ ಡೀಸೆಲ್ ತರ ಅಲ್ಲ. ಸೈಲೆನ್ಸರ್ ಲೈನಿನಲ್ಲಿ ಡಿಪಿಎಫ್ ಅಂತ ಒಂದು ಫಿಲ್ಟರ್ ಇರುತ್ತದೆ. ಹೊಗೆಯ ಮಸಿಯನ್ನೆಲ್ಲ ಅದು ಹಿಡಿದಿಟ್ಟುಕೊಳ್ಳುತ್ತದೆ. ತುಂಬಿದ ಮೇಲೆ ಅದನ್ನು ಒಳಗೇ ಸುಡಬೇಕು. ಸುಡಬೇಕೆಂದರೆ ಅಲ್ಲಿ ಸುಮಾರು 600 ಡಿಗ್ರಿ ಶಾಖ ಬೇಕು. ಆ ಶಾಖ ಹೈವೇಯಲ್ಲಿ ಒಂದೇ ಸಮನೆ ಓಡಿದರೆ ತಾನಾಗಿ ಬರುತ್ತದೆ. ಮನೆಯಿಂದ ಸ್ಕೂಲು, ಸ್ಕೂಲಿಂದ ಮಾರ್ಕೆಟ್ಟು ಅಂತ ಎರಡೆರಡು ಕಿಲೋಮೀಟರ್ ಓಡಿಸಿದರೆ ಬರುವುದೇ ಇಲ್ಲ. ಗಾಡಿ ಸುಡಲು ಶುರು ಮಾಡುತ್ತದೆ, ಓನರ್ ಅಷ್ಟರಲ್ಲಿ ಆಫ್ ಮಾಡುತ್ತಾನೆ. ಹತ್ತು ಸಲ ಹಿಂಗಾದರೆ ಮುಗೀತು. ಸುಡಲಿಕ್ಕೆ ಅಂತ ಹಾಕಿದ ಡೀಸೆಲ್ ಇಂಜಿನ್ ಆಯಿಲ್‌ಗೆ ಇಳಿಯುತ್ತದೆ. ಡಿಪ್‌ಸ್ಟಿಕ್ ತೆಗೆದರೆ ಆಯಿಲ್ ಲೆವೆಲ್ ಗೆರೆಯ ಮೇಲೆ ಏರಿರುತ್ತದೆ, ಮೂಸಿದರೆ ಡೀಸೆಲ್ ವಾಸನೆ. ಓನರ್ ಮಾತ್ರ "ನಮ್ಮ ಗಾಡಿ ಆಯಿಲ್ ಕುಡಿಯೋದೇ ಇಲ್ರೀ" ಅಂತ ಖುಷಿಯಾಗಿರುತ್ತಾನೆ.

ಮೀಟರಿನಲ್ಲಿ ಡಿಪಿಎಫ್ ಲೈಟ್ ಬಂತೆಂದರೆ ಹೆದರಬೇಡಿ. ಹೈವೇಗೆ ಹೋಗಿ ಒಂದು ಗೇರ್ ಕಡಿಮೆ ಇಟ್ಟು, ಎರಡು ಸಾವಿರ ಆರ್‌ಪಿಎಂ ಮೇಲೆ ಒಂದು ಇಪ್ಪತ್ತು ನಿಮಿಷ ಓಡಿಸಿ. ಬಹಳಷ್ಟು ಸಲ ಆರುತ್ತದೆ.

ದಾವಣಗೆರೆ ಸರ, ನಿಮ್ಮದು ಪೂರ್ತಿ ಹೈವೇ ಓಡಾಟ. ಡೀಸೆಲ್‌ಗೆ ನಿಮ್ಮಂಥ ಗಿರಾಕಿಯೇ ಬೇಕು. ಆದರೆ ಇಂಜೆಕ್ಟರ್, ಹೈ ಪ್ರೆಶರ್ ಪಂಪ್, ಟರ್ಬೊ ಯಾವುದಾದರೂ ಒಂದು ಹೋದರೆ ಮೇಡಂ ಹೇಳಿದ ಉಳಿತಾಯದಲ್ಲಿ ಒಂದು ವರ್ಷದ್ದು ಅಲ್ಲೇ ಕರಗುತ್ತದೆ. ಅದನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ.

ಮಲೆನಾಡ_ಜೀಪು (ಮೂಡಿಗೆರೆ)

ನಮ್ಮ ಕಡೆ ಲೆಕ್ಕ ಹಾಕಿ ಗಾಡಿ ತಗೊಳ್ಳುವುದಿಲ್ಲ. ಮಳೆಗಾಲದಲ್ಲಿ ತೋಟದ ರಸ್ತೆ ಹತ್ತುತ್ತದಾ, ಹಿಂದೆ ಗೊಬ್ಬರದ ಚೀಲ ಹಾಕಿದರೆ ಎಳೆಯುತ್ತದಾ, ಅಷ್ಟೇ. ಡೀಸೆಲ್ ಇಂಜಿನ್ ಕಡಿಮೆ ಆರ್‌ಪಿಎಂನಲ್ಲೇ ಎಳೆಯುತ್ತದೆ. ಚಾರ್ಮಾಡಿ ಹತ್ತುವಾಗ ಎರಡನೇ ಗೇರಿನಲ್ಲಿ ಬಿಟ್ಟರೆ ಸಾಕು, ತಾನಾಗಿ ಹೋಗುತ್ತದೆ. ನನ್ನ ತಮ್ಮನ ಸಣ್ಣ ಟರ್ಬೊ ಪೆಟ್ರೋಲ್ ಕೂಡ ಹತ್ತುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ನಾಲ್ಕು ಜನ ಕೂತು ಎಸಿ ಹಾಕಿದರೆ ಘಾಟಿಯಲ್ಲಿ ಅವನ ಮೈಲೇಜ್ ಹತ್ತಕ್ಕೆ ಇಳಿಯುತ್ತದೆ. ನಿಧಾನಕ್ಕೆ ಓಡಿಸಿದರೆ ಒಳ್ಳೆಯ ಮೈಲೇಜ್, ಕಾಲು ಒತ್ತಿದರೆ ಕುಡಿದುಬಿಡುತ್ತದೆ. ಡೀಸೆಲ್‌ನಲ್ಲಿ ಅಷ್ಟೊಂದು ಏರುಪೇರು ಇಲ್ಲ.

ಲೆಕ್ಕ_ಪಕ್ಕಾ (ಮೈಸೂರು)

ಇದು ಒಳ್ಳೆಯ ಮಾತು. ಮೈಲೇಜ್ 16 ಅಂತ ನಾನು ಹಿಡಿದದ್ದು ಸಮತಟ್ಟು ರಸ್ತೆಗೆ. ಘಾಟಿಯವರು ತಮ್ಮದೇ ಅಂಕಿ ಹಾಕಿಕೊಳ್ಳಿ.

ಹದಿನಾಲ್ಕು_ಚಕ್ರ (ಹಿರಿಯೂರು)

ನೀವೆಲ್ಲ ಹತ್ತು ಪೈಸೆ ಅನ್ನುತ್ತಿದ್ದೀರಿ. ನಮ್ಮ ಕಡೆಗೂ ಸ್ವಲ್ಪ ನೋಡಿ ಸ್ವಾಮಿ.

ಲೋಡ್ ಗಾಡಿ ಲೀಟರಿಗೆ ನಾಲ್ಕು ಕೊಟ್ಟರೆ ಪುಣ್ಯ. ಅದೇ 2 ರೂಪಾಯಿ ನಮಗೆ ಕಿಲೋಮೀಟರ್‌ಗೆ ಐವತ್ತು ಪೈಸೆ. ಒಂದು ಗಾಡಿ ತಿಂಗಳಿಗೆ ಎಂಟು ಸಾವಿರ ಓಡಿದರೆ ನಾಲ್ಕು ಸಾವಿರ ರೂಪಾಯಿ ಬರೀ ತೆರಿಗೆ ಏರಿಕೆಗೆ. ಬಾಡಿಗೆ ಏರಿಸಿ ಅಂದರೆ ಪಾರ್ಟಿ ಇನ್ನೊಂದು ಗಾಡಿಗೆ ಫೋನ್ ಮಾಡುತ್ತಾನೆ. ಟೋಲ್ ಬೇರೆ. ಯೂರಿಯಾ ಬೇರೆ. ಬಿಎಸ್6 ಲಾರಿಗೆ ಆ ಡಿಇಎಫ್ (ಹೊಗೆ ಶುದ್ಧ ಮಾಡುವ ಯೂರಿಯಾ ದ್ರವ) ಹಾಕದಿದ್ದರೆ ಇಂಜಿನ್ ಪವರ್ ಇಳಿಸಿಬಿಡುತ್ತದೆ, ಲೋಡ್ ಸಮೇತ ಏರಿನಲ್ಲಿ ನಿಲ್ಲಬೇಕಾಗುತ್ತದೆ. ಏಪ್ರಿಲ್ ಮಧ್ಯದಲ್ಲಿ ಲಾರಿ ಮುಷ್ಕರ ಆದದ್ದು ಸುಮ್ನೆ ಅಲ್ಲ.

ಮತ್ತೆ ನಮಗೆ "ಪೆಟ್ರೋಲ್ ತಗೊಳ್ಳಿ" ಅಂತ ಯಾರಾದರೂ ಹೇಳುತ್ತೀರಾ? ಆ ಆಯ್ಕೆಯೇ ಇಲ್ಲ. ಡೀಸೆಲ್ ಏರಿದರೆ ಚಳ್ಳಕೆರೆ ಶೇಂಗಾ, ಕೋಲಾರದ ಟೊಮೆಟೊ ಎಲ್ಲದರ ಸಾಗಣೆಯೂ ಏರುತ್ತದೆ. ಪೆಟ್ರೋಲ್ ಕಾರಿನವರೂ ಆ ದುಡ್ಡು ಕೊಡುತ್ತಾರೆ, ತರಕಾರಿ ಅಂಗಡಿಯಲ್ಲಿ.

ತಲಪಾಡಿ_ಈಚೆ (ಮಂಗಳೂರು)

ಆದರೂ ಪಕ್ಕದವರಿಗೆ ಹೋಲಿಸಿದರೆ ನಮ್ಮದು ಕಡಿಮೆಯೇ ಮಾರಾಯ್ರೆ. ಕೇರಳದ ಗಾಡಿಗಳು ಗಡಿ ದಾಟಿ ಈಚೆ ಬಂದು ಟ್ಯಾಂಕ್ ಫುಲ್ ಮಾಡಿಸುವುದನ್ನು ಇಲ್ಲಿ ದಿನಾ ನೋಡಬಹುದು.

ಹದಿನಾಲ್ಕು_ಚಕ್ರ (ಹಿರಿಯೂರು)

ಹೌದು, ಆಂಧ್ರಕ್ಕೆ ಹೋಗುವಾಗ ನಾವೂ ಗಡಿಯ ಮುಂಚೆಯೇ ಫುಲ್ ಮಾಡಿಸುತ್ತೇವೆ. ಅಲ್ಲಿ ಇನ್ನೂ ಜಾಸ್ತಿ. ಆದರೆ ಪಕ್ಕದ ಮನೆಯವನಿಗೆ ಜಾಸ್ತಿ ಸಾಲ ಇದೆ ಅಂತ ನನ್ನ ಸಾಲ ತೀರುತ್ತದಾ?

ಕಬ್ಬಿನ_ಗದ್ದೆ (ಬೆಳಗಾವಿ ಜಿಲ್ಲೆ)

ಎಥನಾಲ್ (ಕಬ್ಬಿನಿಂದಲೂ ತೆಗೆಯುವ ಇಂಧನ) ಬಗ್ಗೆ ಯಾರೂ ಮಾತೇ ಆಡಿಲ್ಲವಲ್ಲ? ಈಗ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥನಾಲ್. ಡೀಸೆಲ್‌ಗೆ ಆ ಕಾಟ ಇಲ್ಲ. ಕಾಟ ಅಂತ ಜನ ಅನ್ನುತ್ತಾರೆ, ನಾನಲ್ಲ. ನಮ್ಮ ಕಬ್ಬಿನ ಬಿಲ್ಲು ಸ್ವಲ್ಪ ಬೇಗ ಬರಲಿ ಅನ್ನುವ ಆಸೆ ನಮ್ಮದು.

ಸಿಲ್ಕ್‌ಬೋರ್ಡ್_ಸಂತ್ರಸ್ತ

ಅಣ್ಣಾ, ನಿಮ್ಮ ಬಿಲ್ಲು ಬೇಗ ಬರಲಿ, ನನ್ನ ಮೈಲೇಜ್ ಬೇಗ ಹೋಯಿತು.

ಲೆಕ್ಕ_ಪಕ್ಕಾ (ಮೈಸೂರು)

ಇದು ಮುಖ್ಯ. ಒಂದು ಲೀಟರ್ ಎಥನಾಲ್‌ನಲ್ಲಿ ಒಂದು ಲೀಟರ್ ಪೆಟ್ರೋಲ್‌ಗಿಂತ ಮೂರನೇ ಒಂದು ಭಾಗದಷ್ಟು ಶಕ್ತಿ ಕಡಿಮೆ. ಐದನೇ ಒಂದು ಭಾಗ ಅದನ್ನೇ ಬೆರೆಸಿದರೆ ಲೀಟರಿಗೆ ಆರು, ಏಳು ಪರ್ಸೆಂಟ್ ಶಕ್ತಿ ಕಮ್ಮಿ. ಅದಕ್ಕೆ ತಕ್ಕಂತೆ ಟ್ಯೂನ್ ಮಾಡಿದ ಇಂಜಿನ್‌ನಲ್ಲಿ ನಷ್ಟ ಸ್ವಲ್ಪ ಕಡಿಮೆ ಆಗಬಹುದು. 16 ಇದ್ದದ್ದು 15 ಆಯಿತು ಅಂದುಕೊಳ್ಳಿ. ಕಿಲೋಮೀಟರ್‌ಗೆ 6.87 ಆಗುತ್ತದೆ. ಅಂದರೆ 43 ಪೈಸೆ ಜಾಸ್ತಿ.

ಡೀಸೆಲ್ ತೆರಿಗೆ ತಂದದ್ದು ಹತ್ತು ಪೈಸೆ, ಅದಕ್ಕೆ ಇಷ್ಟು ಗಲಾಟೆ. ಇದು ಅದರ ನಾಲ್ಕು ಪಟ್ಟು, ಬಂಕಿನ ಬೋರ್ಡಿನಲ್ಲಿ ಕಾಣುವುದೇ ಇಲ್ಲ. ಹೀಗೆ ಹಿಡಿದರೆ 96 ಸಾವಿರ ಕಿಲೋಮೀಟರ್ ಇದ್ದದ್ದು 78 ಸಾವಿರಕ್ಕೆ ಇಳಿಯುತ್ತದೆ. ಪೆಟ್ರೋಲ್ ಗಾಡಿಗೆ 16 ಬರುತ್ತದೆ ಅಂತ ಯಾರಾದರೂ ಹೇಳಿದರೆ, ಅದು ಈಗಿನ ಪೆಟ್ರೋಲಿನಲ್ಲಾ ಮೊದಲಿನದರಲ್ಲಾ ಅಂತ ಕೇಳಿ.

ಸ್ಟುಟ್‌ಗಾರ್ಟ್_ಕನ್ನಡಿಗ

ದೂರದಿಂದ ಒಂದು ಮಾತು. ಇಲ್ಲಿ ಜರ್ಮನಿಯಲ್ಲಿ ಡೀಸೆಲ್ ಮೇಲೆ ಲೀಟರಿಗೆ ತೆರಿಗೆ 47 ಸೆಂಟ್, ಪೆಟ್ರೋಲ್ ಮೇಲೆ 65 ಸೆಂಟ್. ಹಾಗಾಗಿ ಡೀಸೆಲ್ ಅಗ್ಗ. ಆದರೆ ಬಂಕಿನಲ್ಲಿ ಬಿಟ್ಟದ್ದನ್ನು ವರ್ಷದ ವಾಹನ ತೆರಿಗೆಯಲ್ಲಿ ಎತ್ತಿಕೊಳ್ಳುತ್ತಾರೆ. ಪ್ರತಿ 100 ಸಿಸಿಗೆ ಪೆಟ್ರೋಲ್ ಗಾಡಿಗೆ 2 ಯೂರೊ, ಡೀಸೆಲ್‌ಗೆ 9.50. ಕಡಿಮೆ ಓಡಿಸುವವರು ಡೀಸೆಲ್ ಇಟ್ಟುಕೊಳ್ಳುವುದೇ ದಂಡ.

2022ರ ಮಾರ್ಚ್‌ನಲ್ಲಿ, ಯುಕ್ರೇನ್ ಯುದ್ಧ ಶುರುವಾದ ಮೇಲೆ, ಡೀಸೆಲ್ ರೇಟ್ ಪೆಟ್ರೋಲನ್ನೇ ದಾಟಿತು. ಯುರೋಪಿಗೆ ಬೇಕಾದ ಡೀಸೆಲ್‌ನಲ್ಲಿ ದೊಡ್ಡ ಪಾಲು ರಷ್ಯಾದಿಂದ ಬರುತ್ತಿತ್ತು. ಡೀಸೆಲ್ ಅಗ್ಗ ಅಂತ ಗಾಡಿ ತಗೊಂಡವರು ಬಂಕಿನಲ್ಲಿ ಬೋರ್ಡ್ ನೋಡುತ್ತಾ ನಿಂತಿದ್ದರು. ಅಂತರ ಶಾಶ್ವತ ಅಂತ ನಂಬಬೇಡಿ ಅನ್ನಲು ಹೇಳಿದೆ.

ಲೆಕ್ಕ_ಪಕ್ಕಾ (ಮೈಸೂರು)

ಒಪ್ಪಿದೆ. ನನ್ನ ಲೆಕ್ಕದ ದುರ್ಬಲ ಜಾಗವೇ ಅದು. ಆದರೆ ಹಾಗಾದರೂ ಪೂರ್ತಿ ಮುಳುಗುವುದಿಲ್ಲ. ಎರಡರ ರೇಟೂ 103 ಆಯಿತು ಅಂತಲೇ ಇಟ್ಟುಕೊಳ್ಳಿ, 20 ಮೈಲೇಜ್‌ಗೆ ಡೀಸೆಲ್ 5.15 ಆಗುತ್ತದೆ. ಆಗಲೂ 1.29 ಉಳಿಯುತ್ತದೆ. ಡೀಸೆಲ್ ಗಾಡಿಯ ಲಾಭದಲ್ಲಿ ಮೂರನೇ ಎರಡು ಭಾಗ ಇಂಜಿನ್‌ನದ್ದು, ಉಳಿದದ್ದು ಸರ್ಕಾರದ್ದು.

ಬೆಣ್ಣೆದೋಸೆ_ದಾವಣಗೆರೆ

ಎಲ್ಲರಿಗೂ ಥ್ಯಾಂಕ್ಸ್. ಹೊಸ ಡೀಸೆಲ್‌ಗೆ ಇಎಂಐ ಜಾಸ್ತಿ ಆಗುತ್ತದೆ. ಹಾಗಾಗಿ ಸೆಕೆಂಡ್ ಹ್ಯಾಂಡ್ ಕಡೆ ಮನಸ್ಸು ವಾಲುತ್ತಿದೆ. ಎರಡು ಗಾಡಿ ಕಣ್ಣಿಗೆ ಬಿದ್ದಿವೆ. ಒಂದು ಹುಬ್ಬಳ್ಳಿಯಲ್ಲೇ ಇರುವ 2021ರ ಬಿಎಸ್6 ಡೀಸೆಲ್, ಒಂದೇ ಓನರ್. ಇನ್ನೊಂದು ದೆಹಲಿಯಿಂದ ತಂದು ಮಾರುವವರ ಹತ್ತಿರ, ಒಂಬತ್ತು ವರ್ಷ ಹಳೆಯದು, ರೇಟ್ ತುಂಬಾ ಕಡಿಮೆ.

ಸಿಲ್ಕ್‌ಬೋರ್ಡ್_ಸಂತ್ರಸ್ತ

ದೆಹಲಿ ಗಾಡಿ ಅಗ್ಗ ಇರುವುದಕ್ಕೆ ಕಾರಣ ಇದೆ. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಓಡಿಸುವಂತಿಲ್ಲ ಅಂತ ಎನ್‌ಜಿಟಿ (ಹಸಿರು ನ್ಯಾಯಮಂಡಳಿ) ಹೇಳಿತ್ತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದಕ್ಕೇ ಒಂಬತ್ತನೇ ವರ್ಷಕ್ಕೆ ಸಿಕ್ಕಿದಷ್ಟಕ್ಕೆ ತಳ್ಳುತ್ತಿದ್ದರು, 2025ರಲ್ಲಿ ಕೋರ್ಟ್ ಅದನ್ನು ಸ್ವಲ್ಪ ಸಡಿಲಿಸಿತು. ಇಲ್ಲಿ ಆ ನಿಯಮ ಇಲ್ಲ. ಆದರೆ ಇಲ್ಲಿನ ಆರ್‌ಟಿಒದಲ್ಲಿ ಕೆಎ ನಂಬರ್ ಮಾಡಿಸಲು ಟ್ಯಾಕ್ಸ್ ಮತ್ತೆ ಕಟ್ಟಬೇಕು. ದೆಹಲಿ ಆರ್‌ಟಿಒದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೈಗೆ ಬರುವ ತನಕ ಒಂದು ಪೈಸೆ ಕೊಡಬೇಡಿ. ನನ್ನ ಕಸಿನ್ ಒಬ್ಬ ಆ ಕಾಗದಕ್ಕೆ ಕಾದು ಕಾದು ಗಾಡಿಯನ್ನು ಸೈಟಿನಲ್ಲಿ ನಿಲ್ಲಿಸಿಕೊಂಡಿದ್ದಾನೆ.

ಮಲೆನಾಡ_ಜೀಪು (ಮೂಡಿಗೆರೆ)

ದೆಹಲಿಯದು ಬಿಡಿ. ಹುಬ್ಬಳ್ಳಿಯದು ನೋಡಿ.

ಗ್ಯಾರೇಜ್_ಹುಬ್ಬಳ್ಳಿ

2021ರ ಗಾಡಿ ನೋಡಲು ಹೋಗುತ್ತೀರಿ ಅಂದರೆ ಮೊದಲು ಬಾನೆಟ್ ತೆಗೆಯಬೇಡಿ. ಹಿಂದಕ್ಕೆ ಹೋಗಿ ಸೈಲೆನ್ಸರ್ ಪೈಪಿನೊಳಗೆ ಬೆರಳು ಹಾಕಿ ಒರೆಸಿ. ಇಂಜಿನ್ ತಣ್ಣಗಿರುವಾಗ ಮಾತ್ರ, ಇಲ್ಲಾಂದ್ರೆ ಬೆರಳು ಸುಟ್ಟುಕೊಳ್ಳುತ್ತೀರಿ. ಡಿಪಿಎಫ್ ಸರಿ ಇರುವ ಬಿಎಸ್6 ಡೀಸೆಲ್‌ನಲ್ಲಿ ಬೆರಳಿಗೆ ಧೂಳು ಹತ್ತಬಹುದು, ಕಪ್ಪು ಮಸಿ ಹತ್ತುವುದಿಲ್ಲ. ಕಾಡಿಗೆ ಹಚ್ಚಿದಂಗೆ ಕಪ್ಪಾಯಿತಾ, ಒಳಗೆ ಫಿಲ್ಟರ್ ಒಡೆದಿದೆ, ಇಲ್ಲ ಯಾರೋ ತೆಗೆದುಹಾಕಿ ಸಾಫ್ಟ್‌ವೇರ್‌ನಲ್ಲಿ ಲೈಟ್ ಮುಚ್ಚಿದ್ದಾರೆ. ಅಂಥದ್ದು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ. ಹೊಗೆ ತಪಾಸಣೆಯಲ್ಲಿ ಸಿಕ್ಕಿಬೀಳುತ್ತೀರಿ, ಹೊಸ ಫಿಲ್ಟರಿನ ರೇಟ್ ಕೇಳಿದರೆ ಅಲ್ಲೇ ಕೂರುತ್ತೀರಿ.

ಆಮೇಲೆ ಡಿಪ್‌ಸ್ಟಿಕ್. ಲೆವೆಲ್ ಮೇಲಿನ ಗೆರೆ ದಾಟಿದ್ದರೆ ಗಾಡಿ ಊರೊಳಗೇ ಸುತ್ತಿದೆ ಅಂತ ಅರ್ಥ, ಓನರ್ ಹೈವೇ ಕಥೆ ಹೇಳಿದರೂ ನಂಬಬೇಡಿ. ಸ್ಟಾರ್ಟ್ ಮಾಡಿ ಆಯಿಲ್ ಮುಚ್ಚಳ ತೆಗೆದು ನೋಡಿ, ಬುಸುಬುಸು ಹೊಗೆ ಬಂದರೆ ಕೈಮುಗಿದು ಬನ್ನಿ. ಸರ್ವಿಸ್ ಬುಕ್ಕಿನಲ್ಲಿ ಡೀಸೆಲ್ ಫಿಲ್ಟರ್ ಯಾವಾಗ ಬದಲಾಯಿಸಿದ್ದಾರೆ ಅಂತಲೂ ನೋಡಿ. ಅದನ್ನು ಉಳಿಸಲು ಹೋದವರೇ ಇಂಜೆಕ್ಟರ್‌ಗೆ ದುಡ್ಡು ಸುರಿಯುವುದು.

ಬೆಣ್ಣೆದೋಸೆ_ದಾವಣಗೆರೆ

ಅಣ್ಣಾ, ನೀವೇ ಒಂದು ಸಲ ನೋಡಿಕೊಡಲು ಆಗುತ್ತದಾ? ಈ ಭಾನುವಾರ ಹುಬ್ಬಳ್ಳಿಗೆ ಬರುತ್ತಿದ್ದೇನೆ. ಚೆಕಿಂಗ್ ಚಾರ್ಜ್ ಎಷ್ಟಾದರೂ ಕೊಡುತ್ತೇನೆ.

ಗ್ಯಾರೇಜ್_ಹುಬ್ಬಳ್ಳಿ

ಭಾನುವಾರ ಶೆಡ್ ಬಂದ್ ಇರುತ್ತದೆ. ಸೋಮವಾರ ಬೆಳಿಗ್ಗೆ ಎಂಟರ ಒಳಗೆ ಬರ್ರಿ, ಮೆಸೇಜ್ ಹಾಕಿ, ಜಾಗ ಹೇಳುತ್ತೇನೆ. ಓನರ್‌ಗೆ ಈಗಲೇ ಹೇಳಿಬಿಡಿ, ನಾವು ಬರುವ ತನಕ ಗಾಡಿ ಸ್ಟಾರ್ಟ್ ಮಾಡಬಾರದು ಅಂತ. ಅದಕ್ಕೆ ಅವನು ಕುಂಟು ನೆಪ ಹೇಳಿದರೆ ನೀವು ದಾವಣಗೆರೆ ಬಿಡುವುದೇ ಬೇಡ.